ತಂದೆಯ ಹಕ್ಕು, ಮಗುವಿನ ಹಿತ: ಮದ್ರಾಸಿನ ಒಂದು ವ್ಯಾಜ್ಯ

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ಬ್ರಿಟಿಷ್ ಆಳ್ವಿಕೆಯಲ್ಲಿ ಮದ್ರಾಸಿನ ನ್ಯಾಯಾಲಯಗಳಿಗೂ ಪ್ರಮಾಣಗ್ರಂಥವಾಗಿತ್ತು. ವೃದ್ಧ ತಂದೆತಾಯಿ, ಪತ್ನಿ, ಎಳೆಯ ಮಗು ಇವರ ಪೋಷಣೆ ಅನಿವಾರ್ಯ ಕರ್ತವ್ಯವೆಂಬ ಸ್ಮೃತಿವಚನವನ್ನು ಅದು ಉದ್ಧರಿಸುತ್ತದೆ. ಜೀವನಾಂಶಕ್ಕೆ ಹೀಗೆ ಪ್ರಾಚೀನ ಆಧಾರವಿತ್ತು. ಮಗುವಿನ ಸುಪರ್ದನ್ನು ನಿರ್ಣಯಿಸುವ ಇಂದಿನ ಮಾನದಂಡವಾದರೋ ಮುಖ್ಯವಾಗಿ ಆಧುನಿಕ ನ್ಯಾಯಾಲಯಗಳಲ್ಲಿ ರೂಪುಗೊಂಡಿತು. ಈ ದೃಷ್ಟಿಯಿಂದ ಅಡ್ಯಾರಿನಲ್ಲಿ ಹುಟ್ಟಿದ ವ್ಯಾಜ್ಯವೊಂದು ಪರಿಶೀಲನಾರ್ಹವಾಗಿದೆ.

ಥಿಯಾಸಫಿಕಲ್ ಸೊಸೈಟಿಯಲ್ಲಿ ಕೆಲಸ ಮಾಡುತ್ತಿದ್ದ ನಾರಾಯಣಯ್ಯನವರು 1910ರಲ್ಲಿ ತಮ್ಮ ಮಕ್ಕಳಾದ ಜೆ. ಕೃಷ್ಣಮೂರ್ತಿ ಮತ್ತು ನಿತ್ಯಾನಂದರ ಪೋಷಕತ್ವವನ್ನು ಪತ್ರಮೂಲಕ ಆನಿ ಬೆಸೆಂಟರಿಗೆ ಒಪ್ಪಿಸಿದರು. 1912ರಲ್ಲಿ ಮಕ್ಕಳನ್ನು ಹಿಂದಕ್ಕೆ ಪಡೆಯಲು ದಾವೆ ಹೂಡಿದರು. 1913ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ತಂದೆಯ ಪರವಾಗಿ ತೀರ್ಪಿತ್ತಿತು. 1914ರ ಮೇ ತಿಂಗಳಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ರದ್ದುಗೊಳಿಸಿತು. ತಂದೆಯ ಅಧಿಕಾರವು ನಂಬಿಕೆಯಿಂದ ಹೊತ್ತ ಹೊಣೆ; ಅದನ್ನು ಇನ್ನೊಬ್ಬರಿಗೆ ವಹಿಸಿ ಮರಳಿ ಪಡೆಯಬಹುದು; ಆದರೆ ಮಕ್ಕಳ ಹಿತವನ್ನು ನೋಡದೆ, ಅವರ ಇಚ್ಛೆಯನ್ನು ತಿಳಿಯದೆ ಆಜ್ಞೆ ಹೊರಡಿಸಲಾಗದು ಎಂಬುದು ಅದರ ನಿಲುವು. ಮಕ್ಕಳು ಇಂಗ್ಲೆಂಡಿನಲ್ಲಿದ್ದುದರಿಂದ ದಾವೆ ಹೂಡಿದ ಜಿಲ್ಲಾ ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿಯೂ ಇರಲಿಲ್ಲ. ಗೆದ್ದವರು ಬೆಸೆಂಟ್, ಆದರೆ ತೀರ್ಪಿನ ಸಾರ ಉಳಿದದ್ದು ಮಗುವಿನ ಪಾಲಿಗೆ.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮವು ಮಗುವಿನ ಹಿತವೇ ಪರಮಮುಖ್ಯವೆಂದು ವಿಧಿಸಿತು. ಐದು ವರ್ಷ ತುಂಬದ ಮಗುವಿನ ಸುಪರ್ದು ಸಾಮಾನ್ಯವಾಗಿ ತಾಯಿಗೆ ಸಲ್ಲಬೇಕೆಂದಿತು. ಮದ್ರಾಸಿನಿಂದಲೇ ಹೋದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ಮಕ್ಕಳು ತಂದೆತಾಯಿಯ ಸ್ವತ್ತಲ್ಲವೆಂದು ಸ್ಪಷ್ಟಪಡಿಸಿತು. ಜೀವನಾಂಶಕ್ಕಿದ್ದ ಮಾಸಿಕ 500 ರೂಪಾಯಿಗಳ ಮಿತಿಯನ್ನು ದಂಡ ಪ್ರಕ್ರಿಯಾ ಸಂಹಿತೆಯ 2001ರ ತಿದ್ದುಪಡಿ ತೆಗೆದುಹಾಕಿತು.

ಹೊರನಾಡ ಕನ್ನಡ ಕುಟುಂಬಗಳಿಗೆ ಈ ಇತಿಹಾಸ ದೂರದ್ದಲ್ಲ. 1955ರಲ್ಲಿ ರೈಲುಡಬ್ಬಿ ಕಾರ್ಖಾನೆ ಆರಂಭವಾದ ಪೆರಂಬೂರಿನಂತಹ ಕಾರ್ಮಿಕ ನೆಲೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಂದೆ ಅಲ್ಲಿ ದುಡಿಯುತ್ತಿದ್ದು, ತಾಯಿ ಮಗುವಿನೊಡನೆ ಕೋಲಾರದ ತವರಿನಲ್ಲಿ ನೆಲೆಸಿದ್ದರೆ ವ್ಯಾಜ್ಯ ಎಲ್ಲಿ ನಡೆಯಬೇಕು? 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮದಂತೆ ಸುಪರ್ದಿನ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿ ಸಲ್ಲಿಸಬೇಕು. ನಾರಾಯಣಯ್ಯನವರ ದಾವೆ ಮುಗ್ಗರಿಸಿದ್ದೂ ಇದೇ ನಿಯಮದಲ್ಲಿ. ಜೀವನಾಂಶದ ಅರ್ಜಿಯನ್ನು ಪತ್ನಿಯು ತಾನಿರುವ ಕೋಲಾರದಲ್ಲಿಯೇ ಸಲ್ಲಿಸಬಹುದು. ಆಜ್ಞೆಯನ್ನು ಪತಿಯಿರುವ ಪೆರಂಬೂರಿನಲ್ಲಿ ಜಾರಿಗೊಳಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಅವಕಾಶವನ್ನು ಉಳಿಸಿಕೊಂಡಿದೆ.

ವಿಜ್ಞಾನೇಶ್ವರನು ಎತ್ತಿ ಹೇಳಿದ ಪೋಷಣೆಯ ಕರ್ತವ್ಯ ಈ ಎಲ್ಲ ಬದಲಾವಣೆಗಳ ನಡುವೆಯೂ ಉಳಿದುಬಂದಿದೆ. ಹೊಸತಾಗಿ ಸೇರಿದುದು ಮಗುವಿನ ಮಾತಿಗೆ ದೊರೆತ ಸ್ಥಾನ. ಇವೆರಡನ್ನೂ ಒಟ್ಟಾಗಿ ಓದಿದಾಗಲೇ ನಮ್ಮ ಕುಟುಂಬ ನ್ಯಾಯದ ಚರಿತ್ರೆ ಪೂರ್ಣವಾದೀತು.