ನೆಲಕ್ಕೆ ಮರವೋ, ಟೈಲ್ಸೋ?

ಈಗ ಮನೆ ಕಟ್ಟೋರೆಲ್ಲ ರೂಮಿಗೆ ಮರದ ನೆಲ, ಹಾಲಿಗೆ ಟೈಲ್ಸು ಅಂತವ್ರೆ. ಇದೇನು ಹೊಸದಲ್ಲ ಕಣ್ರವ್ವ. ಮರ ಎಲ್ಲಿರಬೇಕು, ಕಲ್ಲು ಎಲ್ಲಿರಬೇಕು ಅನ್ನೋ ಲೆಕ್ಕ ನಮ್ಮ ಗಂಜಾಂನಲ್ಲೇ ಐತೆ.

ದರಿಯಾ ದೌಲತ್ ನೋಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಹೆಚ್ಚೂಕಮ್ಮಿ ಎಲ್ಲಾ ತೇಗದ ಮರವೇ. ಕಾವೇರಿ ಮಗ್ಗುಲಲ್ಲಿದ್ದರೂ ಇವತ್ತಿಗೂ ನಿಂತೈತೆ. ಎತ್ತರದ ಜಗತಿ ಮೇಲೆ ಕಟ್ಟವ್ರೆ, ಹಂಗಾಗಿ ನೆಲದ ತೇವ, ಗೆದ್ದಲು ಸುಲಭಕ್ಕೆ ಹತ್ತಲ್ಲ.

ಹಿಂದಿನ ತೊಟ್ಟಿಮನೆಗಳಲ್ಲೂ ಇದೇ ಲೆಕ್ಕ. ನೀರು ಬೀಳೋ ಕಡೆ ಚಪ್ಪಡಿ ಕಲ್ಲು, ಕಾಳುಕಡ್ಡಿ ಇಡೋಕೆ ಮೇಲೆ ಮರದ ಅಟ್ಟ. 1865ರಲ್ಲಿ ಬಾಸೆಲ್ ಮಿಷನ್ನೋರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಆಮೇಲೆ ಸುಟ್ಟ ಮಣ್ಣಿನ ಬಿಲ್ಲೆ ನೆಲಕ್ಕೂ ಬಂತು.

ಮರಕ್ಕೆ ಇನ್ನೊಂದು ಶತ್ರು ಬೆಂಕಿ. 1897ರಲ್ಲಿ ರಾಜಕುಮಾರಿ ಮದುವೆ ಹೊತ್ತಲ್ಲಿ ಮೈಸೂರಿನ ಮರದ ಅರಮನೆ ಸುಟ್ಟೋಯ್ತು. 1912ಕ್ಕೆ ಮುಗಿದ ಹೊಸ ಅರಮನೇಲಿ ಕಲ್ಯಾಣ ಮಂಟಪದ ನೆಲಕ್ಕೆ ನವಿಲಿನ ಚಿತ್ತಾರದ ಟೈಲ್ಸು ಹಾಕುದ್ರು. ಹಂಗಂತ ಮರ ಬಿಡಲಿಲ್ಲ, ಅಂಬಾವಿಲಾಸದ ಬಾಗಿಲು ಬೀಟೆ ಮರದ್ದೇ.

ನಮಗೂ ಅಷ್ಟೇ ಪಾಠ. ಅಡುಗೆಮನೆ, ಬಚ್ಚಲು, ದೇವರಮನೆಗೆ ಟೈಲ್ಸು. ಮಲಗೋ ಕೋಣೆಗೆ ಬೇಕಾದ್ರೆ ಮರ. ಎಲ್ಡೂ ಸೇರೋ ಕಡೆ ಸಂದು ಬುಡ್ಸಿ, ಮಳೆಗಾಲದಲ್ಲಿ ಮರ ಉಬ್ತದೆ. ಸಂದು ಕಾಣದಂಗೆ ಮೇಲೊಂದು ಪಟ್ಟಿ ಹಾಕ್ಸಿ. ದಿನಾ ನೆಲ ಒರೆಸೋರು ನಾವು ತಾನೆ? ಎಲ್ಲಿ ಏನು ಹಾಕ್ಬೇಕು ಅಂತ ಗಾರೆಯವರಿಗೆ ಹೇಳೋರೂ ನಾವೇ ಆಗ್ಬೇಕು.