ಗೋಬರ್ ಗ್ಯಾಸ್ ಡ್ರಮ್ಮು ಎತ್ತಿದ ಮೇಲೆ ಆ ಗುಂಡಿ ಏನಾಯ್ತು?

ಇವತ್ತಿನ ಎಪಿಸೋಡ್ ಗೋಬರ್ ಗ್ಯಾಸ್ ಬಗ್ಗೆ. ಅದು ಹೇಗೆ ಬಂತು ಅನ್ನೋದನ್ನ ನೀವೆಲ್ಲ ಶಾಲೆಯ ಪಾಠದಲ್ಲಿ ಓದಿರ್ತೀರಿ, ಚಿತ್ರ ಬರೆದು ಭಾಗಗಳನ್ನೂ ಗುರುತಿಸಿರ್ತೀರಿ. ನಾನು ಹೇಳೋಕೆ ಹೊರಟಿರೋದು ಅದು ಹೇಗೆ ಹೋಗ್ತಾ ಇದೆ, ಹೋಗುವಾಗ ಹಿತ್ತಲಲ್ಲಿ ಏನು ಬಿಟ್ಟು ಹೋಗುತ್ತೆ ಅನ್ನೋದನ್ನ.

ನಮ್ಮ ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದ ಕಡೆ ಅಡಿಕೆ ತೋಟ ಇರೋ ಹಳೇ ಮನೆಗಳ ಹಿತ್ತಲಿಗೆ ಹೋಗಿ ನೋಡಿ. ಕೊಟ್ಟಿಗೆ ಪಕ್ಕದಲ್ಲಿ ಬಾವಿಯಂಥ ಒಂದು ಗುಂಡಿ, ಅದರೊಳಗೆ ಬೋರಲು ಕೂತ ಕಬ್ಬಿಣದ ಡ್ರಮ್ಮು ಕಂಡರೂ ಕಾಣಬಹುದು. ಮೇಲೆ ಪಾಚಿ, ತುಕ್ಕು, ಒಂದೆರಡು ಕೆಸುವಿನ ಗಿಡ. ಕೊಪ್ಪ, ಶೃಂಗೇರಿಗೂ ಈ ಮಾತು ಹೊಂದುತ್ತೆ. ಜನ ಇದನ್ನ 'ಗೊಬ್ಬರ್ ಗ್ಯಾಸ್' ಅಂತಲೇ ಕರೆಯೋದು. ಹಿಂದಿಯ ಗೋಬರ್ ಅಂದ್ರೆ ಸಗಣಿ, ನಮ್ಮ ಗೊಬ್ಬರ ಬೇರೆ. ಆದ್ರೂ ಆ ತಪ್ಪು ಹೆಸರೇ ಸರಿ ಅಂತ ನನಗೆ ಅನ್ಸುತ್ತೆ. ಯಾಕಂದ್ರೆ ತೋಟದವರಿಗೆ ಗ್ಯಾಸಿನಷ್ಟೇ ಬೇಕಾಗಿದ್ದು ಕೊನೆಗೆ ಹೊರಗೆ ಬರೋ ಬಗ್ಗಡ.

ಅಮೆರಿಕದಲ್ಲಿ ಇಂಥದ್ದೇ ಒಂದು ತಲೆನೋವಿದೆ. ನ್ಯೂಜೆರ್ಸಿಯಂಥ ಚಳಿ ಊರುಗಳಲ್ಲಿ ಮನೆ ಬೆಚ್ಚಗಿಡೋಕೆ ಎಣ್ಣೆ ಉರಿಸ್ತಿದ್ದರು. ಆ ಎಣ್ಣೆಗೆ ಅಂಗಳದಲ್ಲೇ ಉಕ್ಕಿನ ಟ್ಯಾಂಕು ಹೂಳ್ತಿದ್ದರು. ಪೈಪಿನಲ್ಲಿ ಗ್ಯಾಸ್ ಬಂದಮೇಲೆ ಎಷ್ಟೋ ಟ್ಯಾಂಕುಗಳು ಮಣ್ಣೊಳಗೇ ಉಳಿದುಬಿಟ್ಟವು. ಈಗ ಅಲ್ಲಿ ಮನೆ ಕೊಳ್ಳೋರು ಮೊದಲು ಯಂತ್ರ ಹಿಡಿದು ಅಂಗಳ ಶೋಧಿಸ್ತಾರೆ. ತುಕ್ಕು ಹಿಡಿದ ಟ್ಯಾಂಕಿಂದ ಎಣ್ಣೆ ಸೋರಿ ಮಣ್ಣು ಕೆಟ್ಟಿದ್ರೆ ಅದನ್ನ ತೆಗೆಸೋ ಖರ್ಚಿಗೆ ಮನೆಯವರ ಉಳಿತಾಯವೇ ಕರಗುತ್ತೆ. ನಮ್ಮಲ್ಲಿ ಮನೆ ಕಾಯಿಸೋ ಎಣ್ಣೆ ಇರಲಿಲ್ಲ. ನಮ್ಮ ಹಿತ್ತಲಿನ ಇಂಧನದ ತೊಟ್ಟಿ ಅಂದ್ರೆ ಇದೇ.

ಇನ್ನು ಚರಿತ್ರೆ. ಸಗಣಿಯಿಂದ ಗ್ಯಾಸ್ ತೆಗೆಯೋ ಪ್ರಯೋಗವನ್ನ 1930ರ ದಶಕದ ಕೊನೆಯಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್.ವಿ. ದೇಸಾಯಿ ನಡೆಸಿದರು. 1950ರ ದಶಕದಲ್ಲಿ ಜಶಭಾಯಿ ಪಟೇಲ್ ಅನ್ನೋರು ತೇಲುವ ಡ್ರಮ್ಮಿನ ವಿನ್ಯಾಸ ಮಾಡಿ 'ಗ್ರಾಮಲಕ್ಷ್ಮಿ' ಅಂತ ಹೆಸರಿಟ್ಟರು. 60ರ ದಶಕದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಅದನ್ನ ಹಳ್ಳಿಗಳಿಗೆ ಹಂಚೋಕೆ ಶುರು ಮಾಡ್ತು. 1973ರಲ್ಲಿ ಕಚ್ಚಾ ತೈಲದ ಬೆಲೆ ಏರಿದಾಗ ದೆಹಲಿಗೂ ಸಗಣಿ ನೆನಪಾಯ್ತು. 1981-82ರಲ್ಲಿ ರಾಷ್ಟ್ರೀಯ ಜೈವಿಕ ಅನಿಲ ಅಭಿವೃದ್ಧಿ ಯೋಜನೆ ಬಂತು. ಸಹಾಯಧನ, ಬ್ಯಾಂಕ್ ಸಾಲ, ರಾಜ್ಯಗಳಿಗೆ ಇಷ್ಟಿಷ್ಟು ಅಂತ ಗುರಿ.

ಕರ್ನಾಟಕದ್ದು ಇದರಲ್ಲಿ ದೊಡ್ಡ ಪಾತ್ರ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಹೊಂದೋ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅನ್ನೋ ಕೇಂದ್ರ ಕಟ್ಟಿದರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಕಟ್ಟಿತು. (ನಮ್ಮ ಎನ್.ಆರ್. ಪುರ ಅಲ್ಲ, ಗೊಂದಲ ಬೇಡ.) ಎಲ್ಲರ ಅಡುಗೆಗೆ ಸಾಕಾಗೋಷ್ಟು ಸಗಣಿ ಸಿಗದೆ ಆ ಯೋಚನೆ ಕೈಬಿಟ್ಟು, 1987ರಿಂದ ಅದೇ ಗ್ಯಾಸಲ್ಲಿ ಎಂಜಿನ್ ಓಡಿಸಿ ಕರೆಂಟು, ಕುಡಿಯೋ ನೀರು ಕೊಟ್ಟರು. ಶಿರಸಿ ಕಡೆಯದ್ದು ಇನ್ನೊಂದು ಕಥೆ. ಅಲ್ಲಿ ಕಟ್ಟಿಕೊಟ್ಟವರೇ ಬಂದು ರಿಪೇರಿನೂ ಮಾಡ್ತಿದ್ದರು, ಹಾಗಾಗಿ ಘಟಕಗಳು ಉಳಿದವು. 2001ರಲ್ಲಿ ವಿಜ್ಞಾನ ಸಂಸ್ಥೆಯ ಸಂಶೋಧಕರು ಅದನ್ನ ಯಶಸ್ಸಿನ ಕಥೆ ಅಂತಲೇ ಬರೆದರು. ಅಂದ್ರೆ, ಯಂತ್ರ ಸೋತಿತು ಅನ್ನೋ ಸುಲಭದ ಮಾತು ನಿಲ್ಲಲ್ಲ.

ಅಡುಗೆಮನೆಯ ಹೆಂಗಸರಿಗೆ ಆ ಡ್ರಮ್ಮು ಮೀಟರ್ ಇದ್ದ ಹಾಗೆ. ಗ್ಯಾಸ್ ತುಂಬಿದ್ರೆ ಮೇಲೇಳುತ್ತೆ, ಒಲೆ ಉರಿದ ಹಾಗೆ ಕೆಳಗಿಳಿಯುತ್ತೆ. ಬೆಳಿಗ್ಗೆ ಹಿತ್ತಲಿಗೆ ಇಣುಕಿ, ದೋಸೆಯೋ ಉಪ್ಪಿಟ್ಟೋ ತೀರ್ಮಾನ ಮಾಡೋದು. ಮಳೆಗಾಲದ ಥಂಡಿಗೆ ಗುಂಡಿಯೊಳಗಿನ ಸೂಕ್ಷ್ಮಜೀವಿಗಳು ಮಂಕಾಗ್ತವೆ, ಡ್ರಮ್ಮು ಏಳೋದೇ ಇಲ್ಲ. ಸೌದೆನೂ ಒದ್ದೆ ಇರೋ ಕಾಲ ಅದು! ಇನ್ನು ಬಚ್ಚಲ ಹಂಡೆ? ಅದಕ್ಕೆ ಗೋಬರ್ ಗ್ಯಾಸ್ ಯಾವತ್ತೂ ಸಾಕಾಗಲಿಲ್ಲ, ಅದು ಅಡಿಕೆ ಸಿಪ್ಪೆ, ಸೌದೆಯಲ್ಲೇ ಕಾಯ್ತಿತ್ತು.

ಲೆಕ್ಕ ನೋಡಿ. ಒಂದು ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಸಣ್ಣ ಮನೆಗೆ ಸಾಕಾಗೋ 2 ಘನ ಮೀಟರ್ ಘಟಕಕ್ಕೆ ದಿನಕ್ಕೆ 50 ಕೆಜಿ ಸಗಣಿ ಬೇಕು. ದೊಡ್ಡ ಹಸು ಆದ್ರೆ ನಾಲ್ಕೈದು. ನಮ್ಮ ಮಲೆನಾಡು ಗಿಡ್ಡ ಅಷ್ಟು ಹಾಕಲ್ಲ, ಅದೂ ಹಗಲೆಲ್ಲ ಕಾಡಲ್ಲಿ ಮೇಯ್ಕೊಂಡು ಅರ್ಧ ಸಗಣಿ ಅಲ್ಲೇ ಬಿಟ್ಟು ಬರುತ್ತೆ. ಮಕ್ಕಳು ಓದಿ ಬೆಂಗಳೂರಿಗೆ ಹೋದರು, ಕೊಟ್ಟಿಗೆ ಖಾಲಿ ಆಯ್ತು, ಸಿಲಿಂಡರ್ ಮನೆ ಬಾಗಿಲಿಗೆ ಬಂತು. ಡ್ರಮ್ಮು ಕೆಳಗೆ ಕೂತಿದ್ದು ಮತ್ತೆ ಏಳಲಿಲ್ಲ.

ಕೂತ ಡ್ರಮ್ಮಿಗೆ ತುಕ್ಕು ಬೇಗ. ಈ ಗ್ಯಾಸಲ್ಲಿ ಹೆಚ್ಚಿನ ಪಾಲು ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ ಬರೋದು ಇದರಿಂದಲೇ, ಉಕ್ಕನ್ನ ತಿನ್ನೋದೂ ಇದೇ. ಬಗ್ಗಡವೂ ಗಾಳಿಯೂ ಸೇರೋ ಗೆರೆಯಲ್ಲಿ ಮೊದಲು ತೂತು ಬೀಳುತ್ತೆ. ವರ್ಷಕ್ಕೊಮ್ಮೆ ಬಣ್ಣ ಹೊಡೀಬೇಕಿತ್ತು, ಯಾರು ಹೊಡೀತಾರೆ? ಕಬ್ಬಿಣದ ತಂಟೆಯೇ ಬೇಡ ಅಂತ 1984ರಲ್ಲಿ ಇಟ್ಟಿಗೆ ಗುಮ್ಮಟದ 'ದೀನಬಂಧು' ಬಂತು. ಅದು ನೆಲದಡಿಯೇ ಇರುತ್ತೆ. ಇಲ್ಲಿ ಗುಂಡಿ ಇದೆ ಅನ್ನೋದೇ ಮುಂದಿನ ತಲೆಮಾರಿಗೆ ಗೊತ್ತಾಗಲ್ಲ.

ಮುತ್ತಿನಕೊಪ್ಪದ ನಮ್ಮ ದೊಡ್ಡಪ್ಪನ ಮನೆಯ ಡ್ರಮ್ಮು ಎತ್ತಿಸಿದಾಗ ನಾನೂ ಇದ್ದೆ. ಗುಜರಿಯವನು ಬಂದು ನೋಡಿ, ಇದ್ದ ಜಾಗದಲ್ಲೇ ಕಟ್ ಮಾಡಿ ಒಯ್ತೀನಿ ಅಂದ. ಜೊತೆಗಿದ್ದ ವಯಸ್ಸಾದ ಗಾರೆಯವರು ಬಿಡಲಿಲ್ಲ. "ಒಳಗೆ ಗ್ಯಾಸ್ ಇನ್ನೂ ಇರ್ತದೆ ಮಾರಾಯ, ಕಿಡಿ ಹಾರಿದ್ರೆ ಡ್ರಮ್ಮಿನ ಜೊತೆ ನೀನೂ ಹೋಗ್ತೀಯ" ಅಂದರು. ಮೀಥೇನು ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗ ಬೆರೆತಿದ್ದರೆ ಕಿಡಿಗೆ ಸಿಡಿಯುತ್ತೆ. ಅವರ ಮಾತು ಸರಿಯೇ. ವಾಲ್ವ್ ಬಿಚ್ಚಿ ವಾರಗಟ್ಟಲೆ ಬಿಟ್ಟು, ಆಮೇಲೆ ಬಿದಿರು ಗಳ, ಹಗ್ಗ ಹಾಕಿ ಆರು ಜನ ಡ್ರಮ್ಮು ಎತ್ತಿದರು. ಬಯಲಿಗೆ ಉರುಳಿಸಿ, ಒಳಗೆ ನೀರು ಬಿಟ್ಟು ತೊಳೆದಮೇಲೇ ಕಟ್ಟಿಂಗ್.

ಅಪಾಯ ಅಲ್ಲಿಗೆ ಮುಗೀಲಿಲ್ಲ. ಗುಂಡಿ ಹತ್ತು ಹನ್ನೆರಡು ಅಡಿ ಆಳ, ತಳದಲ್ಲಿ ವರ್ಷಗಳ ಬಗ್ಗಡ. ಇಳಿದು ಬಾಚೋಣ ಅಂತ ಯಾರಿಗಾದ್ರೂ ಅನ್ಸೋದೇ. ನಮ್ಮಲ್ಲಿ ಹಳೇ ಬಾವಿಗೆ ಇಳಿಯೋ ಮುಂಚೆ ದೀಪ ಇಳಿಸಿ ನೋಡೋ ಪದ್ಧತಿ ಇದೆ: ಆರಿದ್ರೆ ಇಳೀಬಾರದು, ಉರಿದ್ರೆ ಇಳೀಬಹುದು. ಬಾವಿಗೆ ಅದು ಒಂದು ಮಟ್ಟಕ್ಕೆ ಸರಿ. ಈ ಗುಂಡಿಗೆ ಆ ಪದ್ಧತಿ ಎರಡು ಕಡೆಯಿಂದಲೂ ಕೊಲ್ಲುತ್ತೆ. ಮೀಥೇನ್ ಇದ್ರೆ ದೀಪವೇ ಬೆಂಕಿ ಹಚ್ಚುತ್ತೆ. ಹೈಡ್ರೋಜನ್ ಸಲ್ಫೈಡ್ ಇದ್ರೆ ದೀಪ ಚೆನ್ನಾಗಿ ಉರೀತಿದ್ದಾಗಲೇ ಮನುಷ್ಯ ಬೀಳ್ತಾನೆ. ಅದು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತೆ. ಬಗ್ಗಡ ಕಲಕಿದಾಗಲೇ ಭಗ್ಗನೆ ಮೇಲೇಳೋದು. ಪ್ರಮಾಣ ಜಾಸ್ತಿ ಆದ್ರೆ ಮೂಗಿಗೆ ವಾಸನೆಯೂ ಗೊತ್ತಾಗಲ್ಲ. ಇಂಥ ಗುಂಡಿಗಳಲ್ಲಿ ಮೊದಲು ಒಬ್ಬರು ಬೀಳ್ತಾರೆ, ಅವರನ್ನ ಎತ್ತೋಕೆ ಇಳಿದವರು ಅವರ ಮೇಲೇ ಬೀಳ್ತಾರೆ. ಒಂದೇ ಮನೆಯ ಇಬ್ಬರು ಮೂವರು ಹೋಗೋದು ಹೀಗೆ. ದೊಡ್ಡಪ್ಪನ ಮನೆಯಲ್ಲಿ ಯಾರೂ ಇಳೀಲಿಲ್ಲ. ಮೇಲಿಂದಲೇ ನೀರು ಬಿಟ್ಟು ತೆಳು ಮಾಡಿ, ಪಂಪ್ ಹಾಕಿ ಎಳೆದರು. ಬಗ್ಗಡವೆಲ್ಲ ಅಡಿಕೆ ಬುಡಕ್ಕೆ ಹೋಯ್ತು.

ಬಿಕಾಂ ಓದಿದವನ ಚಟ, ಇಲ್ಲೊಂದು ಮಾತು ಹೇಳ್ದೇ ಇರೋಕಾಗಲ್ಲ. ಕಂಪನಿಗಳು ಗಣಿಯನ್ನೋ ಕಾರ್ಖಾನೆಯನ್ನೋ ಶುರು ಮಾಡುವಾಗಲೇ ಕೊನೆಗೆ ಅದನ್ನ ಕಿತ್ತು ಜಾಗ ಸರಿ ಮಾಡೋ ಖರ್ಚನ್ನೂ ಲೆಕ್ಕಕ್ಕೆ ಹಿಡೀಬೇಕು ಅಂತ ನಿಯಮ ಇದೆ. ಗೋಬರ್ ಗ್ಯಾಸ್ ಯೋಜನೆಯ ಸಾಧನೆ ಅಂದ್ರೆ ಈ ವರ್ಷ ಎಷ್ಟು ಹೊಸದು ಕಟ್ಟಿದೆವು ಅನ್ನೋ ಅಂಕಿ. ಆಮೇಲಾಮೇಲೆ ಕೆಟ್ಟವನ್ನ ರಿಪೇರಿ ಮಾಡೋಕೂ ಸ್ವಲ್ಪ ಹಣ ಇಟ್ಟರು. ಆಯುಸ್ಸು ಮುಗಿದ ಗುಂಡಿಯನ್ನ ಮುಚ್ಚೋ ಕೆಲಸ ಮಾತ್ರ ಮನೆಯವರ ಪಾಲಿಗೆ, ಇಲ್ಲಾ ದಿನಗೂಲಿಗೆ ಬಂದವನ ಪಾಲಿಗೆ ಉಳೀತು. ಡ್ರಮ್ಮಿಗಾದ್ರೂ ಗುಜರಿ ಬೆಲೆ ಇದೆ. ಗುಂಡಿಗೆ ಏನಿದೆ? ಅದಕ್ಕೇ ಎಷ್ಟೋ ಕಡೆ ಡ್ರಮ್ಮು ಮಾರಿ, ಗುಂಡಿಗೆ ನಾಲ್ಕು ಅಡಿಕೆ ದಬ್ಬೆ, ಸೋಗೆ ಅಡ್ಡ ಹಾಕಿ ಬಿಟ್ಟಿರ್ತಾರೆ. ಒಂದು ಮಳೆಗಾಲ ಕಳೆದ್ರೆ ದಬ್ಬೆ ಲಡ್ಡಾಗುತ್ತೆ. ದನ, ಕರು, ಆಟ ಆಡೋ ಮಗು, ಯಾರು ಬೇಕಾದ್ರೂ ಕಾಲಿಡಬಹುದು.

ಮುಚ್ಚೋದಾದ್ರೆ ಗಾರೆಯವರು ಹೇಳಿದ ಕ್ರಮ ಹೀಗಿದೆ. ಸಗಣಿ ಕಲಸೋ ತೊಟ್ಟಿಯಿಂದ ಗುಂಡಿಗೆ ಹೋಗೋ ಪೈಪು, ಬಗ್ಗಡ ಹೊರಬರೋ ಪೈಪು, ಎರಡನ್ನೂ ಮೊದಲು ಕಟ್ಟಬೇಕು, ಇಲ್ಲದಿದ್ರೆ ಮಳೆ ನೀರು ಅಲ್ಲಿಂದ ನುಗ್ಗುತ್ತೆ. ತಳಕ್ಕೆ ಕಲ್ಲು, ಇಟ್ಟಿಗೆ ಚೂರು, ಮೇಲೆ ಮಣ್ಣು. ಮಣ್ಣು ಕೂತ ಹಾಗೆ ಮಳೆಗಾಲ ಕಳೆದಮೇಲೆ ಮತ್ತೆ ತುಂಬಬೇಕು. ದೊಡ್ಡಪ್ಪ ಎರಡು ಸಲ ತುಂಬಿಸಿದ್ದಾರೆ, ಈ ವರ್ಷವೂ ಅರ್ಧ ಅಡಿ ಕುಸಿದಿದೆ. ಅದರ ಮೇಲೆ ಸದ್ಯಕ್ಕೆ ಬಾಳೆ ಇದೆ.

ಮುಂದಿನ ಎಪಿಸೋಡಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡ್ತಿದ್ದ ಪುಟ್ಟ ರೈಲಿನ ವಿಷಯ. ಸಿಗೋಣ.