ಒಂಬತ್ತು ಜೋಡಿ, ನಡುವೆ ಎರಡು

ಮುಂಬೈಯ ಧೂಳು ಕುಡಿದು ಮೂವತ್ತು ವರ್ಷವಾದರೂ ನಮ್ಮ ಶ್ವಾಸಕೋಶ ಇನ್ನೂ ಕೆಲಸ ಮಾಡುತ್ತಿದೆಯಲ್ಲ, ಅದಕ್ಕೆ ಯಾರಿಗೆ ಋಣಿಯಾಗಿರಬೇಕು ಗೊತ್ತೆ? ಉಸಿರುನಾಳದ ಒಳಗೋಡೆಯ ಸೀಲಿಯಾ ಎಂಬ ಕಣ್ಣಿಗೆ ಕಾಣದ ರೋಮಗಳಿಗೆ. ಕಫವನ್ನೂ ಧೂಳನ್ನೂ ಹಗಲಿರುಳು ಗಂಟಲಿನತ್ತ ಗುಡಿಸುವ ಪೊರಕೆ ಅದು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ತಿರುವಿದವನು. ಆದರೂ ಈ ಪೊರಕೆಯ ಒಳಗುಟ್ಟು ಬಯಲಾದ ಕಥೆ ನನಗೆ ಬಹಳ ಹಿಡಿಸಿತು.

1952ರಲ್ಲಿ ಇಂಗ್ಲೆಂಡಿನ ಐರೀನ್ ಮ್ಯಾಂಟನ್ ಮತ್ತು ಕ್ಲಾರ್ಕ್, ಮಾಸ್ ಜಾತಿಯ ಸಸ್ಯವೊಂದರ ವೀರ್ಯಾಣುವಿನ ಬಾಲವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಗೆ ಹನ್ನೊಂದು ಎಳೆ: ಸುತ್ತ ಒಂಬತ್ತು, ನಡುವೆ ಎರಡು. 1954ರಲ್ಲಿ ಅಮೆರಿಕದ ಡಾನ್ ಫಾಸೆಟ್ ಮತ್ತು ಕೀತ್ ಪೋರ್ಟರ್ ಕಪ್ಪೆ, ಇಲಿ, ಮನುಷ್ಯರ ಸೀಲಿಯಾ ನೋಡಿದರೆ ಅಲ್ಲೂ ಅದೇ ಲೆಕ್ಕ! ಸುತ್ತಲಿನ ಒಂದೊಂದು ಎಳೆಯೂ ಜೋಡಿ ಕೊಳವೆ. ಒಂದು ಕೊಳವೆಯ ಗೋಡೆ ಟ್ಯೂಬುಲಿನ್ ಎಂಬ ಪ್ರೋಟೀನಿನ 13 ಸರಗಳಿಂದಾದದ್ದು. ಅದಕ್ಕೆ ಅಂಟಿಕೊಂಡ ಇನ್ನೊಂದಕ್ಕೆ ಹತ್ತೇ ಸರ, ಉಳಿದ ಗೋಡೆ ಪಕ್ಕದ ಮನೆಯದು. ನಮ್ಮ ಮುಂಬೈ ಚಾಳಿನ ಹಾಗೆ!

1959ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಅಫ್ಜೇಲಿಯಸ್ ಕೈಗೆತ್ತಿಕೊಂಡದ್ದು ಸೀ ಅರ್ಚಿನ್ ಎಂಬ ಮೈತುಂಬ ಮುಳ್ಳಿನ ಕಡಲಜೀವಿಯ ವೀರ್ಯಾಣು. ಪ್ರತಿ ಜೋಡಿಗೂ ಎರಡು ಪುಟ್ಟ ಕೈಗಳಿರುವುದು ಅವರಿಗೆ ಕಂಡಿತು. 1965ರಲ್ಲಿ ಇಯಾನ್ ಗಿಬ್ಬನ್ಸ್ ಆ ಕೈಗಳ ಪ್ರೋಟೀನಿಗೆ ಡೈನೀನ್ ಎಂದು ಹೆಸರಿಟ್ಟರು. ಈ ಕೈಗಳು ಪಕ್ಕದ ಜೋಡಿಯನ್ನು ಜಾರಿಸುವುದರಿಂದಲೇ ರೋಮ ಬಾಗುತ್ತದೆ.

ಕಥೆಯ ತಿರುವು 1976ರಲ್ಲಿ. ವೀರ್ಯಾಣು ಚಲಿಸದ, ಸೈನಸ್ ಮತ್ತು ಎದೆಯ ಸೋಂಕು ಬಿಡದ ಗಂಡಸರನ್ನು ಅದೇ ಅಫ್ಜೇಲಿಯಸ್ ಪರೀಕ್ಷಿಸಿದರು. ಆ ಪುಟ್ಟ ಕೈಗಳೇ ಇರಲಿಲ್ಲ! ಅವರಲ್ಲಿ ಕೆಲವರಿಗೆ ಹೃದಯ ಬಲಗಡೆ. ಹೃದಯ ಬಲಕ್ಕಿರುವುದೂ ಈ ಸೋಂಕುಗಳೂ ಒಟ್ಟಿಗೆ ಬರುವುದನ್ನು ಕಾರ್ಟಜೀನರ್ 1933ರಲ್ಲೇ ಬರೆದಿದ್ದರು, ಕಾರಣ ಮಾತ್ರ ಸಿಕ್ಕಿರಲಿಲ್ಲ. 1998ರಲ್ಲಿ ಜಪಾನಿನವರು ಇಲಿಯ ಭ್ರೂಣದಲ್ಲಿ ಇನ್ನೊಂದು ಕೊಂಡಿ ಕಂಡರು: ಅಲ್ಲಿನ ರೋಮಗಳು ದ್ರವವನ್ನು ಎಡಕ್ಕೆ ತಳ್ಳಿದರೇನೇ ಅಂಗಗಳಿಗೆ ಎಡಬಲ ಗೊತ್ತಾಗುವುದು. ರೋಮ ಆಡದಿದ್ದರೆ ಹೃದಯದ ಜಾಗ ನಾಣ್ಯ ಚಿಮ್ಮಿದಂತೆ. ಮೂಗು, ಎದೆ, ಸಂತಾನ, ಹೃದಯ – ನಾಲ್ಕು ಬೇರೆ ಖಾತೆಗಳ ವ್ಯತ್ಯಾಸ ಒಂದೇ ನಮೂದಿನಲ್ಲಿ ತಾಳೆಯಾಯಿತು ನೋಡಿ.

ಕಡಲಜೀವಿಯ ವೀರ್ಯಾಣು ನೋಡುತ್ತೇನೆ, ಸಾಲ ಕೊಡಿ ಎಂದು ಯಾರಾದರೂ ನನ್ನ ಮೇಜಿಗೆ ಬಂದಿದ್ದರೆ ಅಡಮಾನವೇನು ಎಂದು ಕೇಳುತ್ತಿದ್ದೆ. ಆದರೆ ಹುಟ್ಟಿದಂದಿನಿಂದ ನೆಗಡಿ, ಕಫದ ಕೆಮ್ಮು ಬಿಡದ ಮಗುವಿನ ಸೀಲಿಯಾ ಪರೀಕ್ಷಿಸಬೇಕೆಂದು ಇಂದು ವೈದ್ಯರಿಗೆ ಹೊಳೆಯುವುದು ಆ ಕೆಲಸದಿಂದಲೇ. ನಿಮ್ಮ ಪರಿಚಯದಲ್ಲಿ ಅಂಥ ಮಗುವಿದ್ದರೆ, ಧೂಳಿನ ಅಲರ್ಜಿ ಎಂದು ಸುಮ್ಮನಾಗದೆ ಒಮ್ಮೆ ವೈದ್ಯರನ್ನು ಕೇಳಲು ಹೇಳಿ.